ಎಲ್ಮ್ ಹಿಲ್: ಬೀದಿ ಎಷ್ಟು ಹಳೆಯದು, ಮನೆಗಳು ಎಷ್ಟು ಹಳೆಯವು?

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ಓದುತ್ತಿದ್ದಾಳೆ. ಅಲ್ಲಿಯ ಎಲ್ಮ್ ಹಿಲ್ ಎಂಬ ಪುಟ್ಟ ಬೀದಿಯ ಫೋಟೋಗಳನ್ನು ಕಳುಹಿಸಿದ್ದಳು. ಗುಂಡುಕಲ್ಲು ಹಾಸಿದ ದಾರಿ, ಎರಡೂ ಕಡೆ ಮರದ ಚೌಕಟ್ಟಿನ ಮನೆಗಳು, ಮೇಲಿನ ಮಹಡಿಗಳು ಬೀದಿಯತ್ತ ಚಾಚಿಕೊಂಡಿವೆ. ಪ್ರವಾಸಿಗರಿಗೆ ಇದನ್ನು ಮಧ್ಯಯುಗದ ಬೀದಿ ಎಂದೇ ತೋರಿಸುತ್ತಾರಂತೆ. ಈ ಮನೆಗಳು ನಿಜವಾಗಿಯೂ ಅಷ್ಟು ಹಳೆಯವೇ? ಯಾರು ವಾಸವಿದ್ದರು? ಊರೆಲ್ಲ ಬದಲಾದರೂ ಇದೊಂದು ಬೀದಿ ಹೇಗೆ ಉಳಿಯಿತು? ಹೆಸರಿನಲ್ಲಿ ಎಲ್ಮ್ ಇದೆ, ಹಿಲ್ ಇದೆ. ಫೋಟೋದಲ್ಲಿ ಎಲ್ಮ್ ಮರವೂ ಕಾಣಲಿಲ್ಲ, ಗುಡ್ಡವೂ ಕಾಣಲಿಲ್ಲ.

ಉತ್ತರ: ಮೊದಲು ಚಿಕ್ಕ ಸಂದೇಹಗಳನ್ನು ಮುಗಿಸಿಬಿಡೋಣ. ಊರಿನ ಹೆಸರನ್ನು ಅಲ್ಲಿಯವರು ‘ನಾರಿಚ್’ ಎನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ. ಗುಡ್ಡದ ವಿಷಯದಲ್ಲಿ ಬೇಸರ ಬೇಡ. ನಾರಿಚ್ ಇರುವುದು ನಾರ್ಫೋಕ್ ಜಿಲ್ಲೆಯಲ್ಲಿ, ಆ ಸೀಮೆಯೋ ಬಹುಪಾಲು ಸಮತಟ್ಟು. ನದಿಯ ದಡದಿಂದ ನಾಲ್ಕು ಹೆಜ್ಜೆ ಏರು ಸಿಕ್ಕರೂ ಅಲ್ಲಿಯವರಿಗೆ ಅದು ‘ಹಿಲ್’. ಎಲ್ಮ್ ಮರ ಮಾತ್ರ ನಿಜವಾಗಿಯೂ ಇತ್ತು. ಬೀದಿಯ ಮೇಲ್ತುದಿಯ ಸೇಂಟ್ ಪೀಟರ್ ಹಂಗೇಟ್ ಚರ್ಚಿನವರು 16ನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ಸಣ್ಣ ಚೌಕದಲ್ಲಿ ಎಲ್ಮ್ ನೆಟ್ಟಿದ್ದರು. ಕೊನೆಯ ಮರ 1970ರ ದಶಕದ ಕೊನೆಯಲ್ಲಿ ‘ಡಚ್ ಎಲ್ಮ್ ರೋಗ’ಕ್ಕೆ ಬಲಿಯಾಯಿತು. ತೊಗಟೆಯ ದುಂಬಿ ಹರಡುವ ಶಿಲೀಂಧ್ರದ ಈ ರೋಗ ಆ ವರ್ಷಗಳಲ್ಲಿ ಬ್ರಿಟನ್ನಿನ ಕೋಟಿಗಟ್ಟಲೆ ಎಲ್ಮ್‌ಗಳನ್ನು ಕೊಂದಿತು. ಪಾಪ, ಡಚ್ಚರು ಅದನ್ನು ತಂದವರಲ್ಲ. ಅವರ ವಿಜ್ಞಾನಿಗಳು ಅದನ್ನು ಮೊದಲು ಗುರುತಿಸಿದರು, ಅಷ್ಟಕ್ಕೇ ಹೆಸರು ಅವರ ತಲೆಗೆ ಬಂತು. ಈಗ ಚೌಕದಲ್ಲಿರುವುದು ಬೇರೆ ಜಾತಿಯ ಮರ. ಅಂದಹಾಗೆ, ನಮ್ಮ ಕಡೆಯ ತಪಸಿ ಮರ ಎಲ್ಮ್ ಕುಟುಂಬದ್ದೇ.

ಈಗ ಮುಖ್ಯ ಪ್ರಶ್ನೆ. ಬೀದಿ ಖಂಡಿತ ಮಧ್ಯಯುಗದ್ದು. ಮನೆಗಳು, ಒಂದನ್ನು ಬಿಟ್ಟರೆ, ಅಲ್ಲ. ನಿಮ್ಮ ಮಗಳ ಫೋಟೋದಲ್ಲಿರುವ ಬಹುತೇಕ ಕಟ್ಟಡಗಳು 1507ರ ದೊಡ್ಡ ಬೆಂಕಿಯ ನಂತರ ಎದ್ದವು. ಇಂಗ್ಲೆಂಡಿನ ಮಟ್ಟಿಗೆ ಮಧ್ಯಯುಗ ಮುಗಿದು ಟ್ಯೂಡರ್ ಅರಸರ ಆಳ್ವಿಕೆ ಶುರುವಾಗಿದ್ದ ಕಾಲ ಅದು. ಅಷ್ಟೇ ಅಲ್ಲ, ಬೀದಿಗೆ ಇಂದು ಕಾಣುವ ಒಪ್ಪ ಓರಣ ಬಂದದ್ದು 20ನೆಯ ಶತಮಾನದ ದುರಸ್ತಿಯಿಂದ. ಹಾಗಾದರೆ ಮಧ್ಯಯುಗದ್ದು ಎನ್ನುವುದಕ್ಕೆ ಉಳಿದಿರುವುದೇನು? ಬೀದಿಯ ಬಾಗು, ಅದರ ಅಗಲ, ಎರಡು ತುದಿಯ ಎರಡು ಚರ್ಚು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ನಿವೇಶನಗಳ ಗಡಿ. ಹಳೆಯ ಊರುಗಳ ವಿಷಯದಲ್ಲಿ ಕಟ್ಟಡಕ್ಕಿಂತ ಗಡಿಗೆ ಆಯುಸ್ಸು ಹೆಚ್ಚು. ಮನೆ ಸುಟ್ಟರೂ ಅದರ ಮಾಲೀಕ ತನ್ನ ಜಾಗದ ಒಂದಡಿಯನ್ನೂ ಪಕ್ಕದವನಿಗೆ ಬಿಟ್ಟುಕೊಡುವುದಿಲ್ಲ. ಹಳೆಯ ಅಡಿಪಾಯದ ಮೇಲೆಯೇ ಹೊಸದನ್ನು ಕಟ್ಟುತ್ತಾನೆ. ಆದ್ದರಿಂದ ಬೀದಿಯ ವಯಸ್ಸು ಕೇಳುವವರು ಗೋಡೆಗಿಂತ ಮೊದಲು ನಕ್ಷೆ ನೋಡಬೇಕು.

ನಕ್ಷೆ ಹೇಳುವುದು ಇಷ್ಟು. ಎಲ್ಮ್ ಹಿಲ್ ವೆನ್ಸಮ್ ನದಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬಳುಕಿಕೊಂಡು ಏರುತ್ತದೆ. ಕೆಳತುದಿಯಲ್ಲಿ ಸೇಂಟ್ ಸೈಮನ್ ಮತ್ತು ಸೇಂಟ್ ಜೂಡ್ ಚರ್ಚು. ಅಲ್ಲಿಂದ ಫೈ ಬ್ರಿಜ್ ಸೇತುವೆ ಹತ್ತಿರ. ಮೇಲ್ತುದಿಯಲ್ಲಿ ಹಂಗೇಟ್ ಚರ್ಚು, ಅದರಾಚೆ ಡೊಮಿನಿಕನ್ ಸಂನ್ಯಾಸಿಗಳ ದೊಡ್ಡ ಮಠ. ಬೀದಿಯ ಒಂದು ಮಗ್ಗುಲಿನ ನಿವೇಶನಗಳು ಕಿರಿದಾಗಿ, ಉದ್ದವಾಗಿ ನದಿಯವರೆಗೂ ಚಾಚಿದ್ದವು. ಗುಟ್ಟಿರುವುದು ಇಲ್ಲಿಯೇ. ಬೀದಿಗೆ ಮುಖ ಮಾಡಿ ಅಂಗಡಿ, ಅದರ ಹಿಂದೆ ವಾಸದ ಮನೆ, ಆಮೇಲೆ ಅಂಗಳ, ಅಂಗಳ ದಾಟಿದರೆ ಉಗ್ರಾಣ, ಕೊನೆಗೆ ಸ್ವಂತ ಧಕ್ಕೆ. ಸಮುದ್ರದಿಂದ ಗ್ರೇಟ್ ಯಾರ್ಮತ್ ಬಂದರಿನ ಮೂಲಕ ನದಿಯಗುಂಟ ಬಂದ ದೋಣಿ ವ್ಯಾಪಾರಿಯ ಹಿತ್ತಲಿಗೇ ಬಂದು ನಿಲ್ಲುತ್ತಿತ್ತು. ಬಣ್ಣಗಾರರಿಗೆ ಹರಿಯುವ ನೀರು ಬೇಕು, ಉಣ್ಣೆ ತೊಳೆಯುವವರಿಗೂ ಬೇಕು. ಬಟ್ಟೆಯ ವ್ಯಾಪಾರದಿಂದ ಬದುಕುತ್ತಿದ್ದ ಊರಿನಲ್ಲಿ ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿರಲಿಲ್ಲ.

ಊರಾದರೂ ಎಂಥದ್ದು? ಇಂದು ನಾರಿಚ್ ಇಂಗ್ಲೆಂಡಿನ ನಡುಗಾತ್ರದ ನಗರಗಳಲ್ಲೊಂದು. ರೈಲು ಹಿಡಿದು ಬೇಕೆಂದೇ ಹೋಗಬೇಕೇ ಹೊರತು ಬೇರೆಲ್ಲಿಗೋ ಹೋಗುವ ದಾರಿಯಲ್ಲಿ ಸಿಗುವ ಊರಲ್ಲ. ಆಗ ಹಾಗಿರಲಿಲ್ಲ. 1404ರಲ್ಲಿ ಅರಸನ ಸನ್ನದು ಪಡೆದು ತನ್ನದೇ ಮೇಯರನ್ನು ಆರಿಸಿಕೊಳ್ಳುವ ಹಕ್ಕು ಗಳಿಸಿತ್ತು. 1520ರ ದಶಕದ ತೆರಿಗೆ ಲೆಕ್ಕದಲ್ಲಿ ಲಂಡನ್ನಿನ ನಂತರ ಅತ್ಯಂತ ಶ್ರೀಮಂತ ನಗರ ಇದೇ. ಆ ಹಣದಲ್ಲಿ ದೊಡ್ಡ ಪಾಲು ಉಣ್ಣೆಯಿಂದ ಬಂದದ್ದು.

ಬೀದಿಯ ಹಳೆಯ ನಿವಾಸಿಗಳಲ್ಲಿ ನಮಗೆ ಚೆನ್ನಾಗಿ ಪರಿಚಯವಿರುವವರು ಪಾಸ್ಟನ್ ಮನೆತನದವರು. ಪರಿಚಯ ಹೇಗೆಂದರೆ, ಅವರು ಪರಸ್ಪರ ಬರೆದುಕೊಂಡ ಕಾಗದಗಳು ಸಾವಿರದ ಲೆಕ್ಕದಲ್ಲಿ ಉಳಿದುಬಂದಿವೆ. 15ನೆಯ ಶತಮಾನದ ಇಂಗ್ಲಿಷ್ ಕುಟುಂಬವೊಂದರ ಮನೆವಾರ್ತೆ, ಕೋರ್ಟು ವ್ಯಾಜ್ಯ, ಜಗಳ, ಸಾಲ ಎಲ್ಲವೂ ಅವುಗಳಲ್ಲಿವೆ. ಮನೆತನದ ಮೂಲಪುರುಷ ಕ್ಲೆಮೆಂಟ್ ಸಾಮಾನ್ಯ ರೈತ. ಕಾಳಿನ ಮೂಟೆಯನ್ನು ಜೀನಿಲ್ಲದ ಕುದುರೆಯ ಬೆನ್ನಿಗೆ ಹಾಕಿ, ಅದರ ಮೇಲೆ ತಾನೂ ಕುಳಿತು ಗಿರಣಿಗೆ ಹೋಗುತ್ತಿದ್ದನೆಂದು ಆಗದವರು ಬರೆದಿಟ್ಟಿದ್ದಾರೆ. ಅವನ ಮಗ ವಿಲಿಯಂ ಓದಿ ನ್ಯಾಯಾಧೀಶನಾದ. ಮೊಮ್ಮಗ ಜಾನ್ ವಕೀಲ. ಸದಾ ಲಂಡನ್ನಿನ ನ್ಯಾಯಾಲಯಗಳಲ್ಲಿ. ಊರಿನ ಆಸ್ತಿ ನೋಡಿಕೊಂಡವಳು ಅವನ ಹೆಂಡತಿ ಮಾರ್ಗರೆಟ್.

ಈ ಮಾರ್ಗರೆಟ್ ನನ್ನ ಮೆಚ್ಚಿನ ಹೆಂಗಸು, ಆದ್ದರಿಂದ ಸ್ವಲ್ಪ ವಿಷಯಾಂತರವನ್ನು ಸಹಿಸಿಕೊಳ್ಳಿ. ಅವಳ ಕೈಬರಹಕ್ಕಿಂತ ಬರೆಸಿದ್ದೇ ಹೆಚ್ಚು. ಹೇಳಿ ಬರೆಸಿದರೂ ಪ್ರತಿ ಸಾಲಿನಲ್ಲೂ ಅವಳ ದನಿ ಕೇಳಿಸುತ್ತದೆ. 1448ರಲ್ಲಿ ಗ್ರೆಶಮ್ ಹಳ್ಳಿಯ ಆಸ್ತಿಗಾಗಿ ಬಲಾಢ್ಯ ಶ್ರೀಮಂತನೊಬ್ಬನ ಜೊತೆ ಕಾದಾಟ ನಡೆಯುತ್ತಿದ್ದಾಗ ಗಂಡನಿಗೆ ಒಂದು ಕಾಗದ ಬರೆಸಿದಳು. ಅಡ್ಡಬಿಲ್ಲುಗಳನ್ನು, ಅವುಗಳನ್ನು ಬಿಗಿಯುವ ಸಾಧನವನ್ನು, ಬಾಣಗಳನ್ನು ಕಳುಹಿಸು. ಇಲ್ಲಿಯ ಮನೆಗಳು ಎಷ್ಟು ತಗ್ಗೆಂದರೆ ಒಳಗಿನಿಂದ ಉದ್ದಬಿಲ್ಲು ಹೂಡಲು ಆಗುವುದಿಲ್ಲ ಎಂದು ಕಾರಣವನ್ನೂ ಕೊಟ್ಟಳು. ಅದೇ ಕಾಗದದಲ್ಲಿ ಒಂದು ಪೌಂಡು ಬಾದಾಮಿ, ಒಂದು ಪೌಂಡು ಸಕ್ಕರೆ, ಮಕ್ಕಳ ಅಂಗಿಗೆ ಬಟ್ಟೆ ಎಂದೂ ಪಟ್ಟಿ ಬೆಳೆಯುತ್ತದೆ. ಮನೆಗೆ ಬೇಕಾದ ಸಾಮಾನುಗಳ ಸಾಲಿನಲ್ಲಿ ಆಯುಧಗಳೂ ಸೇರಿದ್ದ ಕಾಲ.

1458ರಲ್ಲಿ ಜಾನ್ ಮತ್ತು ಮಾರ್ಗರೆಟ್ ದಂಪತಿ ಹಂಗೇಟ್ ಚರ್ಚಿಗೆ ಪಾದ್ರಿಯನ್ನು ನೇಮಿಸುವ ಹಕ್ಕನ್ನು ಕೊಂಡುಕೊಂಡರು. 1460ರ ಹೊತ್ತಿಗೆ ಅದನ್ನು ಮತ್ತೆ ಕಟ್ಟಿಸುವ ಕೆಲಸ ನಡೆದಿತ್ತು. ಭಕ್ತಿಯ ಜೊತೆಗೆ ಊರಿನವರಿಗೆ ತಮ್ಮ ಅಂತಸ್ತನ್ನು ತೋರಿಸುವ ಹಂಬಲವೂ ಇತ್ತು ಎಂದರೆ ತಪ್ಪಾಗದು. ಗಿರಣಿಗೆ ಕಾಳು ಹೊತ್ತವನ ಮೊಮ್ಮಗನಿಗೆ ಅದು ಬೇಕಿತ್ತು.

ಅಂತಸ್ತಿನ ಚಿಂತೆ ಆ ಮನೆಯನ್ನು ಎಷ್ಟು ಕಾಡುತ್ತಿತ್ತೆಂಬುದು 1469ರಲ್ಲಿ ಬಯಲಾಯಿತು. ಮಗಳು ಮಾರ್ಜರಿ ಮನೆತನದ ಆಸ್ತಿಯ ಲೆಕ್ಕ ನೋಡುತ್ತಿದ್ದ ರಿಚರ್ಡ್ ಕಾಲ್ ಎಂಬುವನನ್ನು ಗುಟ್ಟಾಗಿ ಮದುವೆಯಾದಳು. ಅವನದು ಫ್ರಾಮ್ಲಿಂಗಮ್ ಊರಿನ ಅಂಗಡಿಕಾರರ ಕುಟುಂಬ. ನನ್ನ ತಂಗಿ ಅಲ್ಲಿ ಮೇಣದ ಬತ್ತಿ, ಸಾಸಿವೆ ಮಾರಿಕೊಂಡಿರಲು ನಾನೆಂದೂ ಒಪ್ಪುವುದಿಲ್ಲ ಎಂದು ಅಣ್ಣ ಸಿಡಿದ. ಆ ಕಾಲದ ಚರ್ಚಿನ ಕಟ್ಟಳೆಯಂತೆ ಗಂಡು ಹೆಣ್ಣು ಪರಸ್ಪರ ಮಾತು ಕೊಟ್ಟುಕೊಂಡರೆ ಮದುವೆ ಸಿಂಧು. ಸಾಕ್ಷಿ, ಪುರೋಹಿತ ಇಲ್ಲದಿದ್ದರೂ ಸರಿ. ನಾರಿಚ್‌ನ ಬಿಷಪ್ ಅವಳನ್ನು ಕರೆಸಿ, ಏನೆಂದು ಮಾತು ಕೊಟ್ಟೆ ಹೇಳು ಎಂದು ವಿಚಾರಿಸಿದ. ಅವಳು ಹೇಳಿದಳು. ಆ ಮಾತುಗಳಿಂದ ಮದುವೆ ಗಟ್ಟಿಯಾಗದಿದ್ದರೆ ಇಲ್ಲಿಂದ ಹೋಗುವ ಮೊದಲೇ ಗಟ್ಟಿ ಮಾಡುತ್ತೇನೆ ಎಂದೂ ಸೇರಿಸಿದಳು. ವಿಷಯ ತಿಳಿದ ತಾಯಿ ಅವಳನ್ನು ಮನೆಯೊಳಗೆ ಬಿಡಕೂಡದೆಂದು ಆಳುಗಳಿಗೆ ಕಟ್ಟಪ್ಪಣೆ ಮಾಡಿದಳು. ಮಗಳು ಬೇರೆಯವರ ಮನೆಯಲ್ಲಿ ಆಶ್ರಯ ಪಡೆಯಬೇಕಾಯಿತು. ತಮಾಷೆ ಏನೆಂದರೆ, ಅಳಿಯ ರಿಚರ್ಡನನ್ನು ಮಾತ್ರ ಮನೆಯವರು ಬಿಡಲಾಗಲಿಲ್ಲ. ಅಷ್ಟು ಚೆನ್ನಾಗಿ ಲೆಕ್ಕ ಇಡುವವನು ಇನ್ನೊಬ್ಬ ಸಿಗಲಿಲ್ಲ. ಅವನು ಅವರ ಕೆಲಸದಲ್ಲೇ ಮುಂದುವರಿದ.

ಪಾಸ್ಟನ್‌ರ ಮನೆ ಎಲ್ಮ್ ಹಿಲ್‌ನಲ್ಲಿ ಇದ್ದ ಜಾಗ ಗೊತ್ತು, ಮನೆ ಇಲ್ಲ. 1507ರಲ್ಲಿ ನಾರಿಚ್‌ಗೆ ಎರಡು ಬಾರಿ ಬೆಂಕಿ ಬಿತ್ತು, ಏಪ್ರಿಲ್‌ನಲ್ಲೊಮ್ಮೆ, ಜೂನ್‌ನಲ್ಲಿ ಮತ್ತೊಮ್ಮೆ. 700ಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಸುಡುವುದಕ್ಕೆ ಏನು ಬೇಕೋ ಅದೆಲ್ಲ ಅಲ್ಲಿತ್ತು: ಓಕ್ ಮರದ ಚೌಕಟ್ಟು, ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಒಣಗಿದ ಜೊಂಡಿನ ಹೊದಿಕೆ, ಇಕ್ಕಟ್ಟಿನ ಬೀದಿ, ಎದುರುಬದುರು ಮನೆಗಳ ಮೇಲ್ಮಹಡಿಗಳು ಕೈಚಾಚಿದರೆ ಮುಟ್ಟುವಷ್ಟು ಹತ್ತಿರ. ಕಿಡಿ ಬೀದಿ ದಾಟಲು ಗಾಳಿಯ ನೆರವೂ ಬೇಕಿರಲಿಲ್ಲ.

ಎಲ್ಮ್ ಹಿಲ್‌ನಲ್ಲಿ ಉಳಿದದ್ದು ಒಂದೇ ಮನೆ. ಹಂಗೇಟ್ ಚರ್ಚಿನ ಅಂಗಳಕ್ಕೆ ಅಂಟಿಕೊಂಡಿರುವ, ಈಗ ‘ಬ್ರಿಟನ್ಸ್ ಆರ್ಮ್ಸ್’ ಎಂದು ಕರೆಯುವ ಕಟ್ಟಡ. ವಿಚಿತ್ರವೆಂದರೆ ಅದರ ಚಾವಣಿ ಇವತ್ತಿಗೂ ಜೊಂಡಿನದೇ. ನಿಮ್ಮ ಮಗಳು ನಿಜವಾದ ಮಧ್ಯಯುಗದ ಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂದಿದ್ದರೆ ಅಲ್ಲಿ ನಿಲ್ಲಬೇಕು. ಮೂರು ಅಂತಸ್ತು, ಒಂದರ ಮೇಲೊಂದು ಮುಂದಕ್ಕೆ ಚಾಚಿದ ಮಹಡಿಗಳು, 15ನೆಯ ಶತಮಾನದ ಮರಗೆಲಸ.

ಅದರ ಗೋಡೆಗಳಿಗಿಂತ ಅದರೊಳಗಿದ್ದವರು ಹೆಚ್ಚು ಕುತೂಹಲ ಹುಟ್ಟಿಸುತ್ತಾರೆ. ಇಂದಿನ ಬೆಲ್ಜಿಯಂ, ನೆದರ್ಲೆಂಡ್ಸ್ ಸೀಮೆಯ ಊರುಗಳಲ್ಲಿ ಆಗ ‘ಬೆಗೀನ್’ ಎಂಬ ಸ್ತ್ರೀಯರ ಕೂಟಗಳಿದ್ದವು. ಅವರು ಸಂನ್ಯಾಸಿನಿಯರಲ್ಲ, ಶಾಶ್ವತ ದೀಕ್ಷೆ ಇಲ್ಲ, ಮಠದ ಎತ್ತರದ ಗೋಡೆಯೂ ಇಲ್ಲ. ಮದುವೆಯಾಗದವರು, ಗಂಡನನ್ನು ಕಳೆದುಕೊಂಡವರು ಒಟ್ಟಿಗೆ ವಾಸವಿದ್ದು, ನೂಲು ನೇಯ್ಗೆಯಂಥ ಕೆಲಸದಿಂದ ಸಂಪಾದಿಸಿ, ಪ್ರಾರ್ಥನೆ ಮತ್ತು ರೋಗಿಗಳ ಶುಶ್ರೂಷೆಯಲ್ಲಿ ಬದುಕುತ್ತಿದ್ದರು. ಇಂಗ್ಲೆಂಡಿನಲ್ಲಿ ಇಂಥ ಕೂಟಗಳ ಸುಳಿವು ಬಹುಮಟ್ಟಿಗೆ ನಾರಿಚ್‌ನಲ್ಲಿ ಮಾತ್ರ ಸಿಕ್ಕಿದೆ. ಅದೂ ಉಯಿಲುಗಳಲ್ಲಿ: ಹಂಗೇಟ್ ಚರ್ಚಿನ ಅಂಗಳದಲ್ಲಿ ವಾಸಿಸುವ ಸೋದರಿಯರಿಗೆ ಇಷ್ಟು ಹಣ ಎಂದು ಸಾಯುವವರು ಬರೆಸಿದ ಸಾಲುಗಳು. ಆ ಸೋದರಿಯರ ಮನೆ ಇದೇ ಎಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಮಹಡಿಯ ಮೇಲೂ ಒಲೆಗೂಡುಗಳಿರುವುದು, ಚರ್ಚಿನಂಗಳಕ್ಕೆ ನೇರವಾಗಿ ತೆರೆಯುವ ಹಳೆಯ ಬಾಗಿಲು ಇರುವುದು ಇದಕ್ಕೆ ಹೊಂದುತ್ತವೆ. ಸಮುದ್ರದಾಚೆಗಿನ ಆ ಸೀಮೆಯ ಜೊತೆ ಊರಿಗೆ ಬಟ್ಟೆಯ ವ್ಯಾಪಾರವಿತ್ತು. ಸರಕಿನ ಜೊತೆ ಆಚಾರವೂ ದೋಣಿ ಹತ್ತಿತು. ಕಾಲ ಉರುಳಿ ಕಟ್ಟಡ ಪಾನಗೃಹವಾಯಿತು, ಈಗಿನ ಹೆಸರು ಬಂದದ್ದು ಆ ಅವತಾರದಿಂದ.

ಬೆಂಕಿಯ ನಂತರ ನಗರದ ಆಡಳಿತ ಚುರುಕಾಯಿತು. 1509ರಲ್ಲಿ ಹೊಸ ಮನೆಗಳಿಗೆ ಹುಲ್ಲುಹೊದಿಕೆ ಕೂಡದು, ಹೆಂಚೇ ಹೊದಿಸಬೇಕು ಎಂದು ಕಟ್ಟಳೆಯಾಯಿತು. ಮನೆ ಕಟ್ಟುವ ರೀತಿಯೂ ಬದಲಾಯಿತು. ಎಲ್ಮ್ ಹಿಲ್‌ನ ಮನೆಗಳನ್ನು ಹತ್ತಿರದಿಂದ ನೋಡಿ: ನೆಲ ಅಂತಸ್ತು ಚಕಮಕಿ ಕಲ್ಲು ಮತ್ತು ಇಟ್ಟಿಗೆಯದು, ಮೇಲಿನದು ಮರದ ಚೌಕಟ್ಟಿನದು. ನಾರ್ಫೋಕ್‌ನಲ್ಲಿ ಕಟ್ಟಡಕ್ಕೆ ಒಳ್ಳೆಯ ಕಲ್ಲು ಸಿಗುವುದಿಲ್ಲ. ಸುಣ್ಣದ ನೆಲದಲ್ಲಿ ಸಿಗುವ ಈ ಕರಿ-ಬೂದು ಚಕಮಕಿ ಗುಂಡುಗಳೇ ಗತಿ. ಹಲವು ಕಡೆ ಹಳೆಯ ಮನೆಗಳ ಇಟ್ಟಿಗೆ ಕಮಾನಿನ ನೆಲಮಾಳಿಗೆಗಳು ಬೆಂಕಿಗೆ ಬಗ್ಗದೆ ಉಳಿದಿದ್ದವು; ಅವುಗಳ ಮೇಲೆಯೇ ಹೊಸ ಮನೆಗಳು ಎದ್ದವು. ಇಂಥ ನೆಲಮಾಳಿಗೆಗಳು ನಾರಿಚ್‌ನ ವಿಶೇಷ. ಇಂಗ್ಲೆಂಡಿನ ಬೇರೆ ಯಾವ ಊರಿನಲ್ಲೂ ಇಷ್ಟು ಸಂಖ್ಯೆಯಲ್ಲಿ ಕಾಣಸಿಗುವುದು ಕಷ್ಟ.

ಆದರೆ ಎಲ್ಲರೂ ಕೂಡಲೇ ಕಟ್ಟಲಿಲ್ಲ. ಬೆಂಕಿ ಬಿದ್ದು ಕಾಲು ಶತಮಾನ ಕಳೆದರೂ ಊರಿನಲ್ಲಿ ಪಾಳು ನಿವೇಶನಗಳು ಹಾಗೇ ಬಿದ್ದಿದ್ದವು, ಕಸ ತುಂಬಿಕೊಂಡು. 1534ರಲ್ಲಿ ಪಾರ್ಲಿಮೆಂಟು ನಾರಿಚ್‌ಗಾಗಿಯೇ ಒಂದು ಕಾಯಿದೆ ಮಾಡಿತು: ಮಾಲೀಕರು ಗೊತ್ತುಪಡಿಸಿದ ಅವಧಿಯಲ್ಲಿ ಮನೆ ಕಟ್ಟಬೇಕು ಅಥವಾ ಗೋಡೆಯನ್ನಾದರೂ ಹಾಕಬೇಕು, ಇಲ್ಲದಿದ್ದರೆ ಜಾಗ ಕೈತಪ್ಪಿ ಹೋದೀತು. ಅದೇ 1534ರಲ್ಲಿ ಮೊದಲ ಬಾರಿ ಮೇಯರ್ ಆದವನು ಅಗಸ್ಟಿನ್ ಸ್ಟುವರ್ಡ್, ಜವಳಿ ವ್ಯಾಪಾರಿ. ಪಾಸ್ಟನ್‌ರ ಮನೆ ಸುಟ್ಟ ಜಾಗದಲ್ಲಿ 1540ರ ಸುಮಾರಿಗೆ ಹೊಸ ಮನೆ ಎಬ್ಬಿಸಿದವನೂ ಇವನೇ.

ಸ್ಟುವರ್ಡ್ ಮೂರು ಬಾರಿ ಮೇಯರ್ ಆಗಿದ್ದವನು, ಬಲು ವ್ಯವಹಾರಸ್ಥ. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಬೀದಿಯ ತುದಿಯ ಡೊಮಿನಿಕನ್ ಮಠವೂ ಅರಸನ ಪಾಲಾಯಿತು. ಬೇರೆ ಊರುಗಳಲ್ಲಿ ಇಂಥ ಕಟ್ಟಡಗಳನ್ನು ಕಲ್ಲಿಗಾಗಿ, ಸೀಸಕ್ಕಾಗಿ ಕಿತ್ತು ಮಾರಿದರು. ನಾರಿಚ್ ಪರವಾಗಿ ಸ್ಟುವರ್ಡ್ ಲಂಡನ್ನಿಗೆ ಹೋಗಿ ಮಾತನಾಡಿ 1540ರಲ್ಲಿ ಅದನ್ನು 81 ಪೌಂಡಿಗೆ ನಗರಕ್ಕೆ ಕೊಡಿಸಿದ. ಚಾವಣಿಯ ಸೀಸಕ್ಕೆ ಬೇರೆ ದುಡ್ಡು ತೆರಬೇಕಾಯಿತು, ಅದು 152 ಪೌಂಡು. ಕಟ್ಟಡಕ್ಕಿಂತ ಅದರ ಮೇಲಿನ ಲೋಹ ದುಬಾರಿ. ಇಂದು ಇಂಗ್ಲೆಂಡಿನಲ್ಲಿ ಇಷ್ಟು ಪೂರ್ಣವಾಗಿ ಉಳಿದಿರುವ ಮಠದ ಕಟ್ಟಡ ಸಮೂಹ ಬೇರೊಂದಿಲ್ಲ ಎನ್ನುತ್ತಾರೆ.

ಇವನ ಹಣೆಬರಹದಲ್ಲಿ ಸುಖದ ದಿನಗಳಷ್ಟೇ ಇರಲಿಲ್ಲ. 1549ರಲ್ಲಿ ಊರೊಟ್ಟಿನ ಗೋಮಾಳಗಳಿಗೆ ಜಮೀನುದಾರರು ಬೇಲಿ ಹಾಕುತ್ತಿದ್ದುದರ ವಿರುದ್ಧ ರಾಬರ್ಟ್ ಕೆಟ್ ಎಂಬುವನ ಮುಂದಾಳುತನದಲ್ಲಿ ರೈತರು ದಂಗೆ ಎದ್ದರು. ಸುಮಾರು 16,000 ಮಂದಿ ನಗರದ ಹೊರಗಿನ ಮೌಸ್‌ಹೋಲ್ಡ್ ಬಯಲಿನಲ್ಲಿ ಬೀಡುಬಿಟ್ಟರು. ಮೇಯರ್ ಥಾಮಸ್ ಕಾಡ್ ಅವರ ಸೆರೆಯಾದ. ಅವನ ಬದಲು ನಗರ ನಡೆಸುವ ಹೊಣೆ ಬಿದ್ದದ್ದು ಸ್ಟುವರ್ಡ್ ಮೇಲೆ. ಬೇಲಿ ಹಾಕಿದ್ದು ಏಕೆ? ಕುರಿ ಮೇಯಿಸಲು. ಕುರಿ ಯಾಕೆ? ಉಣ್ಣೆಗೆ. ಎಲ್ಮ್ ಹಿಲ್‌ನ ಅಂದದ ಮನೆಗಳನ್ನು ನೋಡುವಾಗ ಆ ಇನ್ನೊಂದು ಮುಖವೂ ಗೊತ್ತಿರಲಿ. ದಂಗೆ ಅಡಗಿತು, ಕೆಟ್‌ನನ್ನು ನಾರಿಚ್ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಆಮೇಲಿನ ನೂರು ವರ್ಷ ಬೀದಿಗೆ ಒಳ್ಳೆಯ ಕಾಲ. ಮೇಯರ್‌ಗಳು, ಶೆರಿಫ್‌ಗಳು ಸಾಲುಸಾಲಾಗಿ ಇಲ್ಲೇ ಮನೆ ಮಾಡಿದ್ದರು. ಅವರಲ್ಲಿ ಪೆಟ್ಟಸ್ ಮನೆತನದ ಸಮಾಧಿಶಿಲ್ಪಗಳು ಕೆಳತುದಿಯ ಚರ್ಚಿನಲ್ಲಿವೆ. ನೇಯ್ಗೆ ಕುಗ್ಗತೊಡಗಿದಾಗ 1565ರಲ್ಲಿ ನಗರದವರು ಎಲಿಜಬೆತ್ ರಾಣಿಯ ಅಪ್ಪಣೆ ಪಡೆದು ಸಮುದ್ರದಾಚೆಯಿಂದ 30 ನೇಕಾರ ಕುಟುಂಬಗಳನ್ನು ಕರೆಸಿಕೊಂಡರು. ಧರ್ಮದ ಕಾರಣಕ್ಕೆ ಸ್ಪೇನಿನ ಆಳ್ವಿಕೆಯಿಂದ ಓಡಿಬಂದ ಡಚ್ಚರು ಮತ್ತು ಫ್ರೆಂಚ್ ಮಾತಾಡುವ ವಾಲೂನರು ಇವರು. 1579ರ ಹೊತ್ತಿಗೆ ಊರಿನ ಸುಮಾರು 16,000 ಜನರಲ್ಲಿ 6,000 ಮಂದಿ ಇಂಥ ‘ಸ್ಟ್ರೇಂಜರ್‌’ಗಳು. ಸ್ಟುವರ್ಡ್ ಉಳಿಸಿಕೊಟ್ಟಿದ್ದ ಮಠದ ಒಂದು ಭಾಗವೇ ಡಚ್ಚರ ಪ್ರಾರ್ಥನಾ ಮಂದಿರವಾಯಿತು. ಅವರು ಸಾಕುತ್ತಿದ್ದ ಕೆನರಿ ಹಕ್ಕಿಯ ಖಯಾಲಿ ಊರಿಗೆಲ್ಲ ಹತ್ತಿ, ಈಗ ಅಲ್ಲಿಯ ಫುಟ್‌ಬಾಲ್ ತಂಡದ ಅಡ್ಡಹೆಸರೇ ‘ಕೆನರೀಸ್’. ಒಂದು ಎಚ್ಚರಿಕೆ: ಸ್ಟುವರ್ಡ್‌ನ ಮನೆಯನ್ನು ‘ಸ್ಟ್ರೇಂಜರ್ಸ್ ಕ್ಲಬ್’ ಎನ್ನುತ್ತಾರೆ. ಅದನ್ನು ನೋಡಿ ನೇಕಾರರು ಇಲ್ಲಿ ವಾಸವಿದ್ದರೆಂದು ತಿಳಿಯಬೇಡಿ. ಆ ಹೆಸರು 20ನೆಯ ಶತಮಾನದ ಒಂದು ಭೋಜನ ಕೂಟದ್ದು.

18ನೆಯ ಶತಮಾನದವರೆಗೂ ಮಗ್ಗಗಳು ಆಡಿದವು. ನಾರಿಚ್‌ನ ನಯವಾದ ಉಣ್ಣೆ ಬಟ್ಟೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಚೀನಾಕ್ಕೆ ಹೋಗುತ್ತಿತ್ತು. ಶತಮಾನದ ಕೊನೆಗೆ ಕಾಶ್ಮೀರದ ಶಾಲುಗಳನ್ನು ನೋಡಿ ಅನುಕರಿಸಿ ನೇಯ್ದ ‘ನಾರಿಚ್ ಶಾಲು’ ಯುರೋಪಿನಲ್ಲಿ ಹೆಸರು ಮಾಡಿತು. ಆದರೆ ಕಲ್ಲಿದ್ದಲು ಮತ್ತು ಯಂತ್ರಗಳ ಬಲವಿದ್ದ ಯಾರ್ಕ್‌ಷೈರ್ ಎದುರು ಕೈಮಗ್ಗದ ಊರು ನಿಲ್ಲಲಿಲ್ಲ. 19ನೆಯ ಶತಮಾನದಲ್ಲಿ ಶ್ರೀಮಂತರು ಎಲ್ಮ್ ಹಿಲ್ ಬಿಟ್ಟರು. ಒಂದು ಕುಟುಂಬದ ಮನೆಯನ್ನು ಹತ್ತು ಕುಟುಂಬಗಳಿಗೆ ಹಂಚಿದರು. ನದಿಯವರೆಗೆ ಚಾಚಿದ್ದ ಹಿತ್ತಲುಗಳಲ್ಲಿ ಗಾಳಿ ಬೆಳಕಿಲ್ಲದ ವಠಾರಗಳು ತುಂಬಿಕೊಂಡವು.

ಆ ಬಡತನದ ದಿನಗಳಲ್ಲೇ ಬೀದಿ ಒಂದು ಗದ್ದಲವನ್ನೂ ಕಂಡಿತು. 1864ರಲ್ಲಿ ಜೋಸೆಫ್ ಲೆಸ್ಟರ್ ಲೈನ್ ಎಂಬ ಆಂಗ್ಲಿಕನ್ ಧರ್ಮಸೇವಕ, ಫಾದರ್ ಇಗ್ನೇಷಿಯಸ್ ಎಂದು ಹೆಸರಿಟ್ಟುಕೊಂಡು, ಬೆನೆಡಿಕ್ಟ್ ಸಂಪ್ರದಾಯದ ಮಠವನ್ನು ಇಲ್ಲಿ ತೆರೆದ. ಮಠಗಳನ್ನು ಮುಚ್ಚಿಸಿ 300 ವರ್ಷ ಕಳೆದಿದ್ದ ಪ್ರಾಟೆಸ್ಟಂಟ್ ಊರಿನಲ್ಲಿ ಕಪ್ಪು ನಿಲುವಂಗಿಯ, ಬೋಳುತಲೆಯ ಸಂನ್ಯಾಸಿಗಳು! ಜನ ಗುಂಪುಗೂಡಿ ಕೂಗಾಡಿದರು, ಬಾಗಿಲು ಬಡಿದರು. 1866ಕ್ಕೆ ಕಾಗದಪತ್ರಗಳ ತೊಡಕಿನಲ್ಲಿ ಜಾಗವೂ ಅವನ ಕೈಬಿಟ್ಟಿತು.

ಬೀದಿ ಉಳಿದದ್ದು ಹೇಗೆ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಈ ಬಡತನವೇ. ಹಣವಿದ್ದ ಬೀದಿಗಳಲ್ಲಿ ವಿಕ್ಟೋರಿಯಾ ಕಾಲದ ವ್ಯಾಪಾರಿಗಳು ಹಳೆಯದನ್ನು ಕೆಡವಿ ಗಾಜಿನ ಮುಂಭಾಗದ ಅಂಗಡಿಗಳನ್ನು ಕಟ್ಟಿದರು. ಎಲ್ಮ್ ಹಿಲ್ ಕೆಡವಲು ಯಾರಿಗೂ ಲಾಭ ಕಾಣಲಿಲ್ಲ. ಬಡತನ ಉಳಿಸುತ್ತದೆ, ಆದರೆ ಗೆದ್ದಲು ಹಿಡಿಯುವವರೆಗೆ ಮಾತ್ರ. ಮೊದಲ ಮಹಾಯುದ್ಧದ ನಂತರ ನಗರಸಭೆ ಕೊಳೆಗೇರಿ ತೆರವಿಗೆ ಕೈಹಾಕಿದಾಗ ಈ ಬೀದಿಯೂ ಪಟ್ಟಿಯಲ್ಲಿತ್ತು. ಅಧಿಕಾರಿಗಳನ್ನು ಬೈಯಲು ನನಗೆ ಮನಸ್ಸಿಲ್ಲ; ಆ ವಠಾರಗಳಲ್ಲಿ ಮಕ್ಕಳು ಕಾಯಿಲೆ ಬೀಳುತ್ತಿದ್ದುದು ನಿಜ. ಊರಿನ ಹಳೆಯ ಚೆಲುವನ್ನು ಕಾಯಲು 1923ರಲ್ಲಿ ಹುಟ್ಟಿದ ನಾರಿಚ್ ಸೊಸೈಟಿ ಬೀದಿಯನ್ನು ಉಳಿಸುವುದನ್ನು ತನ್ನ ಮೊದಲ ಹೋರಾಟಗಳಲ್ಲೊಂದಾಗಿ ಕೈಗೆತ್ತಿಕೊಂಡಿತು. ವಾದ ಎಳೆದಾಡಿ ಕೊನೆಗೆ ನಗರಸಭೆಯಲ್ಲಿ ಮತಕ್ಕೆ ಬಂದಾಗ ಬೀದಿ ಗೆದ್ದದ್ದು ಒಂದೇ ಒಂದು ಮತದಿಂದ. ಮುಂದೆ ನಗರಸಭೆಯೇ ಮನೆಗಳನ್ನು ರಿಪೇರಿ ಮಾಡಿಸಿತು, ಹಿಂಬದಿಯ ವಠಾರಗಳನ್ನು ಕೆಡವಿತು. ಫೋಟೋದ ಆ ಅಚ್ಚುಕಟ್ಟುತನ ಆಗಿನದು. 1942ರ ಏಪ್ರಿಲ್ ಕೊನೆಯಲ್ಲಿ ಜರ್ಮನ್ ವಿಮಾನಗಳು ಎರಡು ರಾತ್ರಿ ನಾರಿಚ್ ಮೇಲೆ ಬಾಂಬು ಸುರಿದು ಊರಿನ ದೊಡ್ಡ ಭಾಗವನ್ನು ಹಾಳುಮಾಡಿದಾಗಲೂ ಇದು ಬಚಾವಾಯಿತು. ಅದಕ್ಕೆ ಮಾತ್ರ ಅದೃಷ್ಟವೇ ಕಾರಣ.

ಮಗಳು ಇನ್ನೊಮ್ಮೆ ಹೋದಾಗ ಮೂರು ಕಡೆ ನಿಂತು ನೋಡಲಿ. ಸ್ಟುವರ್ಡ್‌ನ ಮನೆಯ ಪಕ್ಕದಲ್ಲಿ ಕ್ರೌನ್ ಕೋರ್ಟ್ ಎಂಬ ಅಂಗಳಕ್ಕೆ ಹೋಗುವ ಓಣಿಯ ಬಾಯಲ್ಲಿ ಮರದ ಮೇಲೆ ಎರಡು ಕೆತ್ತನೆಗಳಿವೆ: ಜವಳಿ ವರ್ತಕರ ಸಂಘದ ಗುರುತಾದ ಕನ್ಯೆಯ ತಲೆ, ಮತ್ತು ಗೀಟುಗಳಿಂದಾದ ಒಂದು ಚಿಹ್ನೆ. ಆ ಚಿಹ್ನೆ ಸ್ಟುವರ್ಡ್‌ನ ವ್ಯಾಪಾರ ಮುದ್ರೆ. ಓದು ಬಾರದ ಹಮಾಲಿಗೂ ಇದು ಯಾರ ಮೂಟೆ ಎಂದು ತಿಳಿಯಲಿ ಎಂದು ವರ್ತಕರು ಇಂಥ ಮುದ್ರೆ ಹಾಕುತ್ತಿದ್ದರು. ಎರಡನೆಯದಾಗಿ, ಕೆಲವು ಮನೆಗಳ ಮುಂಭಾಗ ಸಪಾಟಾಗಿ, ಗಾರೆ ಬಳಿದುಕೊಂಡು 18ನೆಯ ಶತಮಾನದವುಗಳಂತೆ ಕಾಣುತ್ತವೆ. ಅದನ್ನು ನಂಬಬಾರದು, ಪಕ್ಕದ ಓಣಿಗೆ ಹೊಕ್ಕು ಹಿಂಬದಿ ನೋಡಿದರೆ ಹಳೆಯ ಮರಗೆಲಸ ಇಣುಕುತ್ತದೆ. ಮೂರನೆಯದು ಬೀದಿ ಮುಗಿದ ಮೇಲೆ, ಹಳೆಯ ಮಠದ ದೊಡ್ಡ ಸಭಾಂಗಣ ಸೇಂಟ್ ಆಂಡ್ರೂಸ್ ಹಾಲ್. ಅದರ ದಕ್ಷಿಣದ ಮರದ ಬಾಗಿಲುಗಳ ಮೇಲೆ ಪಾಸ್ಟನ್ ಮನೆತನದ ಲಾಂಛನವಿದೆ, ಜೊತೆಗೆ ಮಾರ್ಗರೆಟ್‌ಳ ತವರಾದ ಮೋಟ್‌ಬಿ ಮನೆತನದ್ದೂ. ಬಾಗಿಲು ಮುಚ್ಚಿದ್ದರೂ ಹೊರಗಿನಿಂದಲೇ ನೋಡಬಹುದು.